ಬೆಟಗೇರಿಯಲ್ಲಿ ದೋಣಿಗೆ ನೀರು ಕುಡಿಸಿದ್ದು

ನದಿಯಿಂದ ಹತ್ತು ಹರದಾರಿ ದೂರದ ಬೆಟಗೇರಿಯಲ್ಲಿ, ನಲ್ಲಿ ಬಂದ ದಿನವೇ ಹಬ್ಬ ಎನ್ನುವಂಥ ನಮ್ಮ ಓಣಿಯಲ್ಲಿ, ನನ್ನ ಗಂಡ ಒಂದು ದೋಣಿ ತಂದು ನಿಲ್ಲಿಸಿದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ಆಗಷ್ಟೇ ಯುಗಾದಿ ಆಗಿತ್ತು. ಲಾರಿಯ ಮೇಲೆ ಬೆನ್ನಿಗೆ ಮೋಟಾರು ಕಟ್ಟಿಕೊಂಡು, ಮೂಗು ಮೇಲೆತ್ತಿ ಕೂತಿದ್ದ ಅದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಮಗನಿಗೆ ಯಾರದೋ ಕಣ್ಣು ತಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಓಣಿಯ ಮಂದಿಯೆಲ್ಲ ಕೆಮ್ಮುತ್ತಲೇ ದೋಣಿ ನೋಡಿದರು.

ಹೊಸಪೇಟೆ ಕಡೆಯವನೊಬ್ಬ ಮಾರಿದ ಹಳೆಯ ಮರದ ದೋಣಿ ಅದು. ಮೊದಲು ಯಾವನೋ ಸಾಹೇಬ ಇದರ ಹಿಂದೆ ಹಗ್ಗ ಹಿಡಿದು, ಕಾಲಿಗೆ ಹಲಗೆ ಕಟ್ಟಿಕೊಂಡು, ನೀರಿನ ಮೇಲೆ ನಿಂತೇ ಹೋಗುತ್ತಿದ್ದನಂತೆ. ಮಾರುವವರು ಏನು ಬೇಕಾದರೂ ಹೇಳುತ್ತಾರೆ ಎಂದು ನಾವು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಖರೆ ಹೇಳಬೇಕೆಂದರೆ ದೋಣಿ ಬಂದದ್ದು ನನ್ನ ಸಲುವಾಗಿ. ನನ್ನ ತವರು ಸಿಂಗಟಾಲೂರಿನ ಎದುರು ದಂಡೆ. ನನ್ನ ಮದುವೆ ಸಿಂಗಟಾಲೂರಿನ ಗುಡಿಯಲ್ಲಿ, ಆ ದಿನ ನಾನು ಹರಿಗೋಲಿನಲ್ಲಿ ತುಂಗಭದ್ರೆ ದಾಟಿದೆ. ನಡುನೀರಿನಲ್ಲಿ ಅದು ಬುಗುರಿಯಂತೆ ತಿರುಗಿತು, ನನ್ನ ಹೊಟ್ಟೆಯೂ ತಿರುಗಿತು. ಬೀಗರೆಲ್ಲ ಆರತಿ ಹಿಡಿದು ಕಾಯುತ್ತಿದ್ದ ದಂಡೆಯ ಮೇಲೆ, ಹೊಸ ಸೀರೆಯ ಮೇಲೆಲ್ಲ ವಾಂತಿ ಮಾಡಿಕೊಂಡು ಇಳಿದೆ. ಆರತಿ ಹಿಡಿದವರೇ ಮೊದಲು ನಕ್ಕರು. ಆಮೇಲೆ ಯಾವ ಮದುವೆಗೆ ಹೋದರೂ ಅತ್ತೆ ಆ ಕಥೆ ಹೇಳದೆ ಊಟಕ್ಕೆ ಕೂರುತ್ತಿರಲಿಲ್ಲ. ನಾನೂ ಹಲ್ಲು ಕಿರಿಯುತ್ತಿದ್ದೆ, ಒಳಗೆ ಮಾತ್ರ ಕುದಿಯುತ್ತಿದ್ದೆ.

ಈಗ ನನ್ನ ತಂಗಿಯನ್ನು ಸಿಂಗಟಾಲೂರಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ತುಳಸಿ ಲಗ್ನ ಮುಗಿದ ಮೇಲೆ ಮದುವೆ. ಅವಳೂ ನನ್ನ ಹಾಗೆ ಇಳಿಯಕೂಡದು ಎಂದು ನಾನು ಹಟ ಹಿಡಿದೆ. ನನ್ನ ಗಂಡ, ಪಂಪ್‌ಸೆಟ್ ರಿಪೇರಿ ಅಂಗಡಿಯವರು, ಇಂಜಿನ್ ಇದ್ದಲ್ಲಿ ಯಾವ ಹಟವೂ ದೊಡ್ಡದಲ್ಲ ಎಂದುಕೊಂಡಿದ್ದವರು, ನಕ್ಕು ಹೊಸಪೇಟೆಗೆ ಹೊರಟೇಬಿಟ್ಟಿದ್ದರು.

ಮೋಟಾರಿನ ಆರೈಕೆಯನ್ನು ಅವರಿಂದ ಕಲಿಯಬೇಕು. ಪ್ಲಗ್ ಬಿಚ್ಚಿ ಉಜ್ಜಿದರು, ಗ್ರೀಸ್ ತುಂಬಿದರು, ಪೆಟ್ರೋಲಿಗೆ ಅಳೆದು ಎಣ್ಣೆ ಬೆರೆಸಿದರು. ಅದರ ಕಾಲು ನೀರಿನಲ್ಲಿ ಮುಳುಗಿದ್ದರೇ ಓಡಿಸಬೇಕು, ಇಲ್ಲದಿದ್ದರೆ ಕಾದು ಕೆಟ್ಟುಹೋಗುತ್ತದೆ ಎಂದು ಮನೆಯ ಬ್ಯಾರಲ್ಲಿನಲ್ಲಿ ಇಳಿಸಿ ಹಗ್ಗ ಎಳೆದರು. ಮೋಟಾರು ಗುಡುಗಿತು, ಎರಡು ದಿನದ ನೀರು ಅಂಗಳಕ್ಕೆ ಹಾರಿತು. ಅತ್ತೆ ಎರಡು ದಿನ ಮಗನೊಂದಿಗೆ ಮಾತು ಬಿಟ್ಟರು.

ದೋಣಿಯ ಆರೈಕೆ ನನ್ನ ಪಾಲಿಗೆ ಬಂತು. ತಗಡಿನ ಚಪ್ಪರ ಹಾಕಿಸಿ, ತಾಡಪತ್ರಿ ಹೊದಿಸಿ, ಮಳೆಯ ಒಂದು ಹನಿಯೂ ತಾಗದಂತೆ ಕಾಯ್ದೆ. ದಿನಾ ಒಣಬಟ್ಟೆಯಿಂದ ಒರೆಸಿದೆ. ರೇಡಿಯೋಕ್ಕೂ ಅಷ್ಟು ಉಪಚಾರ ನಡೆದಿರಲಿಲ್ಲ.

ಮದುವೆಗೆ ಹನ್ನೆರಡು ದಿನ ಇದೆ ಎನ್ನುವಾಗ ಅಪ್ಪ ಲಗ್ನಪತ್ರಿಕೆ ಹಿಡಿದು ಬಂದರು. ನಾನು ಹೆಮ್ಮೆಯಿಂದ ತಾಡಪತ್ರಿ ಸರಿಸಿದೆ. ನದಿಯ ದಂಡೆಯ ಮೇಲೆಯೇ ಬೆಳೆದ ಮನುಷ್ಯ ದೋಣಿಯ ಆ ಕಡೆ ಹೋಗಿ ನಿಂತರು. ಹಲಗೆಗಳ ಸಂದಿನಲ್ಲಿ ಅವರ ಬಿಳಿ ಧೋತರ ಉದ್ದುದ್ದಕ್ಕೂ ಗೆರೆ ಗೆರೆಯಾಗಿ ಕಂಡಿತು.

"ಇದೇನು ಹಪ್ಪಳ ಏನವಾ, ಒಣಗಿಸಿ ಇಡಾಕ?" ಎಂದರು ಅಪ್ಪ. "ಬ್ಯಾಸಗ್ಯಾಗ ಗಾಡಿ ಗಾಲಿ ನೀರಾಗ ಇಡ್ತಾರಲ್ಲ, ಇದೂ ಹಂಗ. ನೀರು ಕುಡಿದರ ಕಟಗಿ ಉಬ್ಬಿ ಸಂದಿ ಮುಚ್ಚತೈತಿ. ಇಲ್ಲಾಂದ್ರ ಮದಲಗಿತ್ತಿ ಈಸಿಕೋತ ಬರಬೇಕಾಕ್ಕೈತಿ."

ನೀರು ಕುಡಿಸಬೇಕು ಎಂದೇನೋ ಅಪ್ಪ ಹೇಳಿದರು. ಎಲ್ಲಿಯ ನೀರು? ನಾನು ಅಳುತ್ತ ಒಂದು ಕೊಡ ಸುರಿದೆ. ಒಂದು ಕಡೆಯಿಂದ ಸುರಿದದ್ದು ಎಲ್ಲ ಕಡೆಯಿಂದ ಸೋರಿಹೋಯಿತು. ಆಗ ಅತ್ತೆ ಎದ್ದರು. ಇವರೇ ನನ್ನನ್ನು ಅಷ್ಟು ವರ್ಷ ಆಡಿಕೊಂಡವರು, ಬ್ಯಾರಲ್ಲಿನ ನೀರಿಗೆ ಮಾತು ಬಿಟ್ಟವರು. ಇನ್ನು ಮೇಲೆ ಯಾರೂ ಬಚ್ಚಲಿಗೆ ಹೋಗಕೂಡದು, ಜಳಕವೆಲ್ಲ ದೋಣಿಯಲ್ಲೇ ಎಂದು ಅಪ್ಪಣೆ ಮಾಡಿದರು.

ಮರುದಿನ ಬೆಳಿಗ್ಗೆ ನನ್ನ ಗಂಡ ದೋಣಿಯ ನಡುವೆ ಮಣೆ ಹಾಕಿಕೊಂಡು, ಇಡೀ ಓಣಿ ನೋಡುತ್ತಿರುವಾಗ ತಲೆಗೆ ಸೋಪು ಹಚ್ಚಿಕೊಂಡು ಕೂತರು. ಅವರ ನಂತರ ಓಣಿಯ ಗಂಡಸರು ಪಾಳಿ ಹಚ್ಚಿದರು. ಹೆಂಗಸರು ಅಕ್ಕಿ ತೊಳೆದ ನೀರು, ಬಟ್ಟೆ ಹಿಂಡಿದ ನೀರು ತಂದು ಸುರಿದರು. ಸುರಿದವರೆಲ್ಲ ಬಗ್ಗಿ, ಎಷ್ಟು ಸೋರುತ್ತಿದೆ ಎಂದು ನೋಡಿಯೇ ಹೋಗುತ್ತಿದ್ದರು. ಎಷ್ಟು ತಂದರೂ ಸಾಲಲಿಲ್ಲ. ಕೊನೆಗೆ ಪಕ್ಕದ ಮನೆಯ ಚಾಚಾ, ನೇಕಾರರ ನೂಲಿಗೆ ಬಣ್ಣ ಹಾಕುವವರು, ತಮ್ಮ ತೊಟ್ಟಿಯ ನೀರನ್ನೇ ದಿನಾ ಸಂಜೆ ಕೊಡಗಟ್ಟಲೆ ಕಳಿಸಿದರು. ಆ ವಾರ ಅವರದು ರಾಣಿ ಬಣ್ಣದ ಕೆಲಸ. ದೋಣಿಯ ಒಳಗೆಲ್ಲ ಕಣ್ಣು ಕುಕ್ಕುವ ಕೆಂಪು ಗುಲಾಬಿ. ಹತ್ತನೆಯ ದಿನ ಹೊತ್ತು ಮೂಡುವಾಗ ಹೋಗಿ ನೋಡಿದರೆ ರಾತ್ರಿಯ ನೀರು ಹಾಗೇ ನಿಂತಿತ್ತು. ನಾನು ಅಂಗಳದಲ್ಲೇ ಕುಣಿದೆ. ಅತ್ತೆಯ ಕೈ ಹಿಡಿದು ಅವರನ್ನೂ ಒಂದು ಸುತ್ತು ತಿರುಗಿಸಿದೆ.

ಮುಂಡರಗಿಯ ಪೇಟೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಒದ್ದೆ ಗೋಣಿತಟ್ಟು ಹೊದ್ದ ದೋಣಿ ಹೋಗುವಾಗ ಅಂಗಡಿಯವರೆಲ್ಲ ಕಟ್ಟೆ ಇಳಿದು ಬಂದರು. ನಾನು ದೋಣಿಯೊಳಗೇ ಕೂತಿದ್ದೆ. ನೀರು ಬಿಡುವ ತೂತಿನ ಬೂಚು ನನ್ನ ಸೆರಗಿನ ಗಂಟಿನಲ್ಲಿತ್ತು. ಅದನ್ನು ಯಾರ ಕೈಗೂ ಕೊಡಲಿಲ್ಲ. ಹೊಳೆಯ ದಂಡೆಯಲ್ಲಿ ನಾನೇ ಜಡಿದೆ.

ಖಾಲಿ ದೋಣಿಯನ್ನು ಆಚೆಯ ತವರಿನ ದಂಡೆಗೆ ಒಯ್ದೆವು, ಅಲ್ಲಿ ತಂಗಿ ಹತ್ತಿದಳು, ಅತ್ತೆ ಅವಳ ಪಕ್ಕ ಕೂತರು. ಮೋಟಾರು ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ದೋಣಿ ತಿರುಗಲಿಲ್ಲ, ನೆಟ್ಟಗೆ ಹೋಯಿತು. ಗಾಳಿಗೆ ತಂಗಿಯ ಸೆರಗು ಹಾರಿ, ಅವಳು ಬಾಯಿ ತುಂಬ ನಕ್ಕಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಅದು ಬಿಳಿಚಿಕೊಳ್ಳಲಿಲ್ಲ. ಹಾಗಾಗಿ ಕಾಲಿನ ಕಡೆ ನೋಡುವುದು ತಡವಾಯಿತು. ಎಲ್ಲೋ ಒಂದು ಸಂದಿ ಸ್ವಲ್ಪ ಜಿನುಗಿ, ಮರ ಕುಡಿದ ಬಣ್ಣವೆಲ್ಲ ಬಿಟ್ಟುಕೊಂಡು, ನಾವೆಲ್ಲ ಪಾದ ಮುಳುಗುವಷ್ಟು ರಾಣಿ ಬಣ್ಣದಲ್ಲಿ ಕೂತಿದ್ದೆವು. ಎತ್ತಿ ಚೆಲ್ಲಿದೆ, ಕಾಲು ತಿಕ್ಕಿದೆ. ಚಾಚಾ ಹಾಕಿದ ಬಣ್ಣ ಅಷ್ಟು ಸುಲಭಕ್ಕೆ ಬಿಡುವಂಥದಲ್ಲ.

ದಂಡೆಯ ಮೇಲೆ ಆರತಿ ಕಾಯುತ್ತಿತ್ತು. ತಂಗಿ ಇಳಿದಳು, ಎಲ್ಲರ ಕಣ್ಣೂ ಅವಳ ಕಾಲಿಗೆ ಬಿತ್ತು. ನನಗೆ ನನ್ನ ಮದುವೆಯ ದಿನ ನೆನಪಾಯಿತು. ಬೀಗರ ಕಡೆಯ ಅಜ್ಜಿಯೊಬ್ಬರು ಇದ್ಯಾವ ಪದ್ಧತಿ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಮುಂದೆ ಬಂದು ತಮ್ಮ ರಾಣಿ ಬಣ್ಣದ ಪಾದ ಚಾಚಿ ನಿಂತರು.

"ನಮ್ಮ ಬೆಟಗೇರಿ ಕಡೆ ಹಿಂಗನ ರೀ," ಎಂದರು ಗಂಭೀರವಾಗಿ. "ಹೊಳಿ ದಾಟಿ ಬಂದ ಮದಲಗಿತ್ತಿ ಕಾಲು ಕೆಂಪ ಇರಬೇಕು."

ಯಾರೂ ನಗಲಿಲ್ಲ. ಆರತಿ ಎತ್ತಿದರು.

ನಾಲ್ಕೈದು ವರ್ಷದ ಮೇಲೆ ಸಿಂಗಟಾಲೂರಿನ ಇನ್ನೊಂದು ಮದುವೆಗೆ ಹೋಗಿದ್ದೆ. ಅಷ್ಟರಲ್ಲಿ ದೋಣಿ ಮಾರಿಯಾಗಿತ್ತು, ಅತ್ತೆ ತೀರಿಕೊಂಡಿದ್ದರು. ದಂಡೆಯ ಮೇಲೆ ಹೆಂಗಸರು ತಾಟಿನಲ್ಲಿ ಬಣ್ಣ ಕಲಸಿಕೊಂಡು, ಆಚೆಯಿಂದ ಬರುವ ಮದುಮಗಳಿಗಾಗಿ ಕಾಯುತ್ತಿದ್ದರು. ಇದೇನು ಎಂದು ಕೇಳಿದೆ. ಅದೇ ಅಜ್ಜಿ, ನನ್ನ ಗುರುತು ಹತ್ತದೆ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ನೋಡಿ, ಹೊಳೆ ದಾಟಿ ಬಂದವಳ ಕಾಲಿಗೆ ಬಣ್ಣ ಹಚ್ಚುವುದು ಹಿಂದಿನಿಂದ ಬಂದದ್ದು ಎಂದರು.

ನಗು ಉಕ್ಕಿ ಬಂತು, ಕಣ್ಣಲ್ಲಿ ನೀರೂ ಬಂತು. ನಾನು ಚಪ್ಪಲಿ ಬಿಟ್ಟು, ಮರಳಿನ ಮೇಲೆ ಕೂತು, ಎರಡೂ ಕಾಲು ಅಜ್ಜಿಯ ಮುಂದೆ ಚಾಚಿದೆ.

"ನನಗೂ ಹಚ್ಚರಿ ಅಜ್ಜಿ," ಎಂದೆ. "ನಾನೂ ಹೊಳಿ ದಾಟಿ ಬಂದಾಕಿನ."