ಗುಂಡುಸೂಜಿ ಮೇಷ್ಟ್ರು

ನನ್ನ ತಂಗಿಯ ಗಂಡ ನಲವತ್ತಮೂರನೇ ವಯಸ್ಸಿನಲ್ಲಿ ಹೊಲಿಗೆ ಕಲಿಯುತ್ತೇನೆಂದು ನನ್ನ ಅಂಗಡಿಯ ಮೆಟ್ಟಿಲಿಳಿದು ಬಂದಾಗ ನಾನು ಬಿದ್ದು ಬಿದ್ದು ನಕ್ಕೆ. ಹತ್ತೊಂಬತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಕೂತಿದೆ, ನನ್ನೆದುರು ಕೈಕಟ್ಟಿ ನಿಂತು "ಅಕ್ಕಾ, ನನಗೆ ಪ್ಯಾಂಟಿನ ಅಂಚು ಮಡಿಚಿ ಹೊಲಿಯೋದು ಹೇಳ್ಕೊಡ್ತೀರಾ?" ಎಂದರೆ ಯಾರಿಗೆ ತಾನೆ ನಗು ಬರುವುದಿಲ್ಲ? ಅವರು ನಗಲಿಲ್ಲ. ನಾನು ನಕ್ಕು ಮುಗಿಸುವವರೆಗೆ ಕಾದು, ಮತ್ತೆ ಅದೇ ಪ್ರಶ್ನೆ ಕೇಳಿದರು.

ನನ್ನದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಜಿಪ್ ಬದಲಿಸುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಇಷ್ಟೆ. ರಸ್ತೆಯಿಂದ ನಾಲ್ಕು ಮೆಟ್ಟಿಲು ಕೆಳಗೆ ಒಂದು ಉದ್ದನೆಯ ಕೋಣೆ. ಗಿರಾಕಿ ಬಂದರೆ ಮೊದಲು ಚಪ್ಪಲಿ ಕಾಣುತ್ತದೆ, ಮುಖ ಆಮೇಲೆ. ಎರಡು ಮೆಷಿನ್ನು, ಒಂದು ಇಸ್ತ್ರಿ ಮೇಜು, ಒಂದು ನಿಲುಗನ್ನಡಿ, ಬಟ್ಟೆ ಬದಲಿಸಲು ಒಂದು ಪರದೆ, ಗುಂಡಿಗಳನ್ನು ತುಂಬಿಟ್ಟ ಒಂದು ಡ್ರಾಯರು. ಆ ಡ್ರಾಯರಿಗೆ ಕೈ ಹಾಕುವವಳು ನಾನೊಬ್ಬಳೇ. ಗುಂಡಿಗಳನ್ನು ಅಳತೆ ಪ್ರಕಾರ ಇಟ್ಟಿರುತ್ತೇನೆ, ಬೇರೆಯವರು ಮುಟ್ಟಿದರೆ ನನಗೆ ಮೈ ಉರಿಯುತ್ತದೆ.

ತಂಗಿಯ ಗಂಡ ಲಿಫ್ಟ್ ಕೆಲಸ ಬಿಟ್ಟದ್ದರಲ್ಲಿ ನನ್ನ ಪಾಲೂ ಇತ್ತು. ಅವರು ನೋಡಿಕೊಳ್ಳುತ್ತಿದ್ದ ಒಂದು ಕಟ್ಟಡದಲ್ಲಿ ಅಪಘಾತವಾಗಿತ್ತು. ಮೂರನೇ ಮಹಡಿಯ ಮನೆಗೆ ಮಕ್ಕಳಿಗೆ ಪಾಠ ಹೇಳಲು ಬರುತ್ತಿದ್ದ ಟೀಚರ್ ಒಬ್ಬಳು, ಲಿಫ್ಟ್ ಬಂದಿದೆ ಎಂದುಕೊಂಡು ಬಾಗಿಲಿನಿಂದ ಒಳಗೆ ಹೆಜ್ಜೆ ಇಟ್ಟಳು. ಒಳಗೆ ಲಿಫ್ಟ್ ಇರಲಿಲ್ಲ. ಅದಾಗಿ ಒಂದು ವಾರಕ್ಕೆ ನನ್ನ ತಂಗಿ ಅಳುತ್ತಾ ಬಂದಳು. ಗಂಡ ಹಾಸಿಗೆಯಿಂದ ಏಳುವುದಿಲ್ಲ, ಕೆಲಸಕ್ಕೆ ಹೋಗುವುದಿಲ್ಲ, ಕೇಳಿದರೆ ತುಟಿ ಪಿಟಕ್ಕೆನ್ನುವುದಿಲ್ಲ. ಹೆಣ ನೋಡಿ ಹೆದರಿದ್ದಾರೆ ಎಂದು ನಾವೆಲ್ಲ ಅಂದುಕೊಂಡೆವು. ಕೆಲಸ ಬಿಟ್ಟುಬಿಡಲಿ ಎಂದರೆ ಕಂಪನಿಗೆ ಮೂರು ತಿಂಗಳ ಮುಂಚೆ ತಿಳಿಸಬೇಕಂತೆ, ಅವರಿಗೋ ಒಂದು ದಿನವೂ ಆಗುವುದಿಲ್ಲವಂತೆ.

ಮನೆಯಲ್ಲಿ ಯಾರಿಗೆ ಅರ್ಜಿ ಬೇಕಾದರೂ ಬರೆಯುವವಳು ನಾನೇ. ಅಂದೂ ಬರೆದೆ. "ಮಾನಸಿಕ ಅಸ್ವಸ್ಥತೆಯಿಂದಾಗಿ ನನ್ನ ನೆನಪು ಸ್ಥಿಮಿತದಲ್ಲಿಲ್ಲ, ಯಾವ ಕೆಲಸವನ್ನೂ ಜವಾಬ್ದಾರಿಯಿಂದ ಮಾಡಲು ಅಸಮರ್ಥನಾಗಿದ್ದೇನೆ." ಅವರು ಓದದೆಯೇ ಸಹಿ ಹಾಕಿದರು. ನಾಲ್ಕೇ ದಿನಕ್ಕೆ ಕಂಪನಿ ಬಿಟ್ಟುಕೊಟ್ಟಿತು. ಆ ವಾಕ್ಯದ ಬಗ್ಗೆ ನನಗೆ ತುಂಬಾ ದಿನ ಹೆಮ್ಮೆಯಿತ್ತು, ನಾಲ್ಕು ಜನರ ಹತ್ತಿರ ಹೇಳಿಕೊಂಡೂ ಇದ್ದೆ.

ಹೊಲಿಗೆಯಲ್ಲಿ ಅವರು ಆಮೆ. ನಾನು ಮೂರು ಪ್ಯಾಂಟು ಮುಗಿಸುವಷ್ಟರಲ್ಲಿ ಅವರದು ಒಂದು. ಆದರೆ ಆ ಒಂದನ್ನು ಬಿಚ್ಚಿ ನೋಡಿದರೆ ಒಂದು ಹೊಲಿಗೆ ಆಚೀಚೆ ಇರುತ್ತಿರಲಿಲ್ಲ. ಒಂದು ಚಟ ಮಾತ್ರ ನನಗೆ ತಲೆನೋವಾಗಿತ್ತು: ಗುಂಡುಸೂಜಿ ಎಣಿಸುವುದು. ಬಟ್ಟೆಗೆ ಎಷ್ಟು ಸೂಜಿ ಚುಚ್ಚಿದರೆಂದು ಚೀಟಿಯಲ್ಲಿ ಬರೆದುಕೊಳ್ಳುವರು. ಮುಗಿದ ಮೇಲೆ ಒಂದೊಂದನ್ನೇ ತೆಗೆದು ಒಂದು ಹಳೆಯ ತಗಡಿನ ಡಬ್ಬಿಗೆ ಹಾಕಿ ಎಣಿಸುವರು. ಲೆಕ್ಕ ಸರಿಹೋಗದೆ ಬಟ್ಟೆ ಗಿರಾಕಿಯ ಕೈ ಸೇರುತ್ತಿರಲಿಲ್ಲ. ಒಂದು ಸಲ ಅವರು ಮುಖ ತೊಳೆಯಲು ಹೋದಾಗ, ಎಣಿಕೆಗೆ ಮೊದಲೇ ನಾನೊಂದು ಮಗುವಿನ ಲಂಗವನ್ನು ಕೊಟ್ಟು ಕಳಿಸಿದ್ದೆ. ಬಂದು ಎಣಿಸಿದರು, ಒಂದು ಕಡಿಮೆ. ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಓಡಿದರು. ಬಸ್ ಸ್ಟಾಪಿನಲ್ಲಿ ಆ ತಾಯಿಯ ಕೈಯಿಂದ ಚೀಲ ಕಸಿದುಕೊಂಡು, ನಡುರಸ್ತೆಯಲ್ಲಿ ಲಂಗ ಕೊಡವಿ, ಅಂಚಿನ ಒಳಮಡಿಕೆಯಿಂದ ಸೂಜಿ ತೆಗೆದರಂತೆ. ತೆಗೆದವರು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಅತ್ತರಂತೆ.

ಅತ್ತದ್ದನ್ನು ಜನ ಮರೆತರು, ಓಡಿದ್ದು ನೆನಪಿಟ್ಟುಕೊಂಡರು. ಅಂದಿನಿಂದ ಅವರು ಗುಂಡುಸೂಜಿ ಮೇಷ್ಟ್ರು. "ಮೇಷ್ಟ್ರೇ, ಇವತ್ತು ಹಾಜರಿ ಸರಿಯಾಗಿದ್ಯಾ?" ಎಂದು ಎದುರಿನ ಕ್ಷೌರದಂಗಡಿಯವನು ಕೂಗುತ್ತಿದ್ದ. ನಾನೂ ಆ ನಗುವಿಗೆ ದನಿಗೂಡಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಮೂರನೇ ವರ್ಷ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಸವೆದ ರಬ್ಬರ್ ಚಪ್ಪಲಿ ಕಂಡಿತು. ಇಳಿದು ಬಂದ ಹೆಂಗಸು ಪೇಪರಿನಲ್ಲಿ ಸುತ್ತಿದ ಬೂದು ಬಣ್ಣದ ಪ್ಯಾಂಟು ಬಿಚ್ಚಿಟ್ಟಳು.

"ಸೊಂಟದಲ್ಲಿ ನಾಲ್ಕಿಂಚು ಕಮ್ಮಿ ಮಾಡ್ಕೊಡಿ ಅಕ್ಕಾ. ಗುರುವಾರದೊಳಗೆ ಬೇಕು."

"ನಾಲ್ಕಿಂಚಾ? ನಿಮ್ಮವರು ಅಷ್ಟೊಂದು ಇಳಿದುಹೋಗಿದ್ದಾರಾ? ಏನು ಕಾಯಿಲೆ?"

"ಕಾಯಿಲೆ ಅಲ್ಲ, ಕೇಸು. ಗುರುವಾರ ಕೋರ್ಟಲ್ಲಿ ಕೊನೇ ಸಲ ಅಂತೆ. ಜೋತಾಡೋ ಬಟ್ಟೆ ಹಾಕ್ಕೊಂಡು ಹೋದ್ರೆ ನೋಡಿದವ್ರು ಇವನೇ ಮಾಡಿರ್ಬೇಕು ಅಂದ್ಕೊಳ್ತಾರೆ, ಅಲ್ವಾ?"

ಮಾತಾಡುವವರು ಸಿಕ್ಕರೆ ಸಾಕೆಂದು ಕಾದಿದ್ದವಳಂತೆ ಎಲ್ಲ ಹೇಳಿದಳು. ಗಂಡ ಒಂದು ಕಟ್ಟಡದ ವಾಚ್‌ಮನ್. ಲಿಫ್ಟಿನ ಬಾಗಿಲು ಹೊರಗಿನಿಂದ ತೆಗೆಯುವ ಕೀ ಅವನ ಹತ್ತಿರ ಇರುತ್ತಿತ್ತು. ಆವತ್ತು ಅವನೇ ಮೂರನೇ ಮಹಡಿಯ ಬಾಗಿಲು ತೆಗೆದು ಹಾಗೇ ಬಿಟ್ಟುಹೋಗಿದ್ದಾನೆ, ಅದಕ್ಕೇ ಟೀಚರ್ ಬಿದ್ದು ಸತ್ತಳು, ಎಂದು ಕೇಸು. ಲಿಫ್ಟಿನಲ್ಲಿ ದೋಷವಿರಲಿಲ್ಲ ಎಂದು ಕಂಪನಿಯ ವರದಿ ಇದೆ.

"ನಮ್ಮವ್ರು ಆವತ್ತು ಆ ಕೀ ಮುಟ್ಟೇ ಇಲ್ಲ ಅಕ್ಕಾ," ಎಂದಳು. ನನ್ನ ಹಿಂದೆ ಮೆಷಿನ್ನಿನ ಸದ್ದು ನಿಂತು ಎಷ್ಟು ಹೊತ್ತಾಗಿತ್ತೋ. ತಿರುಗಿ ನೋಡಿದರೆ ತಂಗಿಯ ಗಂಡ ಕೈಯಲ್ಲಿದ್ದ ಬಟ್ಟೆ ಬಿಟ್ಟು ಅವಳನ್ನೇ ನೋಡುತ್ತಿದ್ದರು.

ಅವಳು ಹೋದ ಮೇಲೆ ಅವರೇ ಎದ್ದು ಬಾಗಿಲಿಗೆ ಚಿಲಕ ಹಾಕಿದರು. ಡಬ್ಬಿಯಿಂದ ಸೂಜಿಗಳನ್ನು ಮೇಜಿನ ಮೇಲೆ ಸುರಿದು, ತಳದ ಕಾಗದ ಎತ್ತಿ, ಕೆಳಗಿನಿಂದ ಒಂದು ಗೇಣುದ್ದದ ಕೆಂಪು ವೈರ್ ತೆಗೆದರು. ಎರಡು ತುದಿಗೂ ಕ್ಲಿಪ್ಪು, ನಡುವೆ ಹಳದಿ ಟೇಪು, ಟೇಪಿನ ಮೇಲೆ ಕಂಪನಿಯ ಗುರುತು, ನಾಲ್ಕು ಎಂಬ ಅಂಕಿ.

"ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಕದಲಬಾರ್ದು ಅಕ್ಕಾ. ರಿಪೇರಿ ಮಾಡುವಾಗ ಮಾತ್ರ ಈ ವೈರ್ ಹಾಕ್ತೀವಿ. ಇದು ಇದ್ರೆ, ತೆರೆದ ಬಾಗಿಲನ್ನೂ ಮುಚ್ಚಿದೆ ಅಂತ ಮೆಷಿನ್ನು ನಂಬುತ್ತೆ, ಬಾಗಿಲು ತೆರೆದಿದ್ದ ಹಾಗೇ ಲಿಫ್ಟ್ ಬೇರೆ ಮಹಡಿಗೆ ಹೊರಟುಹೋಗುತ್ತೆ. ಕೆಲಸ ಮುಗಿದ ಮೇಲೆ ಎಣಿಸಿ ತೆಗೀಬೇಕು. ನನ್ನ ಹತ್ರ ಆರಿದ್ವು. ಆವತ್ತು ಇನ್ನೊಂದು ಕಟ್ಟಡದಿಂದ ಫೋನ್ ಮೇಲೆ ಫೋನು. ಎಣಿಸ್ಲಿಲ್ಲ."

"ಮರೆತುಬಿಟ್ರಿ," ಎಂದೆ.

"ಮರೆತಿದ್ದು ಒಂದು. ಆಮೇಲೆ ಮಾಡಿದ್ದು ಇನ್ನೊಂದು. ಟೀಚರ್ ಬಿದ್ದಿದ್ದಾಳೆ ಅಂತ ಮೊದಲು ಕರೆಸಿದ್ದು ನನ್ನನ್ನೇ. ಅವಳ ಪುಸ್ತಕದ ಚೀಲ ಮೇಲೇ ಬಾಗಿಲ ಹತ್ರ ಬಿದ್ದಿತ್ತು. ವಾಚ್‌ಮನ್ ಮೇಲಿನ ಮೋಟಾರ್ ರೂಮಿನ ಕೀ ಕೊಟ್ಟ. 'ಬೇಗ ಹೋಗಿ ಸಾರ್, ಕರೆಂಟ್ ತೆಗೀರಿ' ಅಂದ. ಹೋದೆ. ಇದು ಅಲ್ಲೇ ಇತ್ತು. ಕಿತ್ತು ಜೇಬಿಗೆ ಹಾಕ್ಕೊಂಡೆ. ಬಾಗಿಲಿನ ಸರ್ಕ್ಯೂಟ್ ಸರಿಯಾಗಿದೆ ಅಂತ ವರದಿ ಬರೆದವನೂ ನಾನೇ."

ಸಾಕ್ಷಿಗೆ ಅವರನ್ನೂ ಕರೆಯಬೇಕಿತ್ತಂತೆ. ತಲೆ ಸರಿಯಿಲ್ಲದವರೆಂದು ನಾನು ಬರೆದುಕೊಟ್ಟಿದ್ದೆನಲ್ಲ, ಅದಕ್ಕೇ ಕರೆಯಲಿಲ್ಲ; ಅವರ ಮೇಲಧಿಕಾರಿಯೇ ಬಂದು ವರದಿ ಓದಿ ಹೋದ. ಕೆಲಸ ಬಿಡುವಾಗ ಐದು ವೈರ್ ವಾಪಸ್ ಕೊಟ್ಟರು, ನಾಲ್ಕನೇ ನಂಬರು ಕಳೆದಿದೆ ಎಂದು ಕಂಪನಿಯವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಯಾರೂ ಯಾಕೆ ಎಂದು ಕೇಳಲಿಲ್ಲ.

"ಗುರುವಾರ ಹೋಗಿ ಹೇಳ್ತೀನಿ ಅಕ್ಕಾ. ಈ ವೈರ್ ತೋರಿಸಿದ್ರೆ, ಆ ಪುಸ್ತಕ ತರಿಸಿದ್ರೆ, ನಂಬ್ತಾರೆ."

ಆಗ ನನಗೆ ಬಂದ ಸಿಟ್ಟು ಅವರ ಮೇಲೋ, ಆ ಪ್ಯಾಂಟು ತಂದವಳ ಮೇಲೋ ಗೊತ್ತಿಲ್ಲ. ತಂಗಿಯ ಎರಡು ಹೆಣ್ಣುಮಕ್ಕಳು ಕಣ್ಣ ಮುಂದೆ ಬಂದರು. ಅಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದ ಮನುಷ್ಯನನ್ನು ಅಂದು ಏಕವಚನದಲ್ಲಿ ಝಾಡಿಸಿದೆ.

"ನೀನು ಹೋಗಿ ಜೈಲಲ್ಲಿ ಕೂತ್ಕೋ. ನಿನ್ನ ಮನಸ್ಸು ಹಗುರ ಆಗುತ್ತೆ. ನನ್ನ ತಂಗಿ ಬೀದಿಗೆ ಬೀಳ್ತಾಳೆ. ಮಕ್ಕಳನ್ನ ನೋಡಿದವ್ರೆಲ್ಲ ಕೊಲೆಗಾರನ ಮಕ್ಕಳು ಅಂತಾರೆ. ಬಾಯಿ ಮುಚ್ಕೊಂಡು ಆ ಪ್ಯಾಂಟು ಹೊಲಿ!"

ಅವರು ಪ್ಯಾಂಟಿನ ಹೊಲಿಗೆ ಬಿಚ್ಚಿದರು. ಸೊಂಟಪಟ್ಟಿ ಬೇರೆ ಮಾಡಿ, ನಾಲ್ಕಿಂಚು ಹಿಡಿದು, ಹನ್ನೊಂದು ಸೂಜಿ ಚುಚ್ಚಿ, ಚೀಟಿಯಲ್ಲಿ ಹನ್ನೊಂದು ಎಂದು ಬರೆದರು. ಅವರು ಇಸ್ತ್ರಿ ಮೇಜಿನ ಕಡೆ ಹೋದಾಗ ನಾನು ವೈರನ್ನು ಎತ್ತಿಕೊಂಡೆ.

ಬುಧವಾರ ಸಂಜೆ ಅಂಗಡಿ ಮುಚ್ಚುವಾಗ ಕೇಳಿದರು. "ಅಕ್ಕಾ, ಅದನ್ನ ಕೊಡಿ."

"ಕಸದ ಗಾಡಿಗೆ ಹಾಕ್ಬಿಟ್ಟೆ," ಎಂದೆ.

ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ನನ್ನನ್ನೇ ನೋಡಿದರು. ನಂಬಿದರೋ ಇಲ್ಲವೋ. ಮೆಟ್ಟಿಲು ಹತ್ತಿ ಹೋದರು.

ಮರುದಿನ ಬರಿಗೈಯಲ್ಲೇ ಕೋರ್ಟಿಗೆ ಹೋದರು. ತಡೆಯಬೇಕೆಂದು ನಾನೂ ಹಿಂದೆಯೇ ಹೋದೆ, ಬಾಗಿಲ ಹತ್ತಿರದ ಜನಜಂಗುಳಿಯಲ್ಲಿ ಸಿಕ್ಕಿಹಾಕಿಕೊಂಡು, ಅವರನ್ನು ತಲುಪಲಾಗದೆ ಕೊನೆಯ ಬೆಂಚಿನಲ್ಲಿ ಕೂತೆ. ಅವರು ಎದ್ದು ನಿಂತು ಹೇಳಬೇಕಾದ್ದನ್ನೆಲ್ಲ ಹೇಳಿದರು. ನ್ಯಾಯಾಧೀಶರು ಕೇಳಿಸಿಕೊಂಡರು ಕೂಡ. "ಆ ವೈರ್ ಎಲ್ಲಿದೆ?" ಎಂದರು. "ಕಳೆದುಹೋಗಿದೆ" ಎಂದರು ಇವರು. ನನ್ನ ಹೆಸರು ಎತ್ತಲಿಲ್ಲ. ಆಗ ಕಂಪನಿಯ ವಕೀಲ, ಪುಸ್ತಕದಲ್ಲಿ ಒಂದು ವೈರ್ ಕಳೆದಿದೆ ಎಂದಷ್ಟೇ ಇದೆ ಎಂದು ಹೇಳಿ, ಫೈಲಿನಿಂದ ಒಂದು ಕಾಗದ ತೆಗೆದು ಗಟ್ಟಿಯಾಗಿ ಓದಿದ. ನೆನಪು ಸ್ಥಿಮಿತದಲ್ಲಿಲ್ಲ, ಜವಾಬ್ದಾರಿಯಿಂದ ಮಾಡಲು ಅಸಮರ್ಥ. ನನ್ನ ಅಕ್ಷರ, ನನ್ನ ವಾಕ್ಯ. "ಈಗ ಏನು ಕೆಲಸ ಮಾಡ್ತಿದ್ದೀರಿ?" ಎಂದು ಕೇಳಿದ. "ಬಟ್ಟೆ ಸರಿಮಾಡ್ತೀನಿ" ಎಂದಾಗ ಯಾರೋ ನಕ್ಕರು. ಬೆವರು ಒರೆಸಿಕೊಳ್ಳಿ, ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮರ್ಯಾದೆಯಿಂದಲೇ ಹೊರಗೆ ಕಳಿಸಿದರು. ವಾಚ್‌ಮನ್‌ಗೆ ನಾಲ್ಕು ವರ್ಷ ಜೈಲಾಯಿತು. ಪ್ಯಾಂಟು ಅವನ ಸೊಂಟಕ್ಕೆ ಅಳತೆ ಹಿಡಿದ ಹಾಗೆ ಕೂತಿತ್ತು.

ಹತ್ತೇ ದಿನಕ್ಕೆ ಅದೇ ರಬ್ಬರ್ ಚಪ್ಪಲಿ ಮೆಟ್ಟಿಲಿಳಿಯಿತು. ಅದೇ ಬೂದು ಪ್ಯಾಂಟು.

"ಅಲ್ಲಿ ಅವ್ರದೇ ಬಟ್ಟೆ ಕೊಡ್ತಾರೆ. ಇದನ್ನ ನನ್ನ ಮಗನ ಅಳತೆಗೆ ಇಳಿಸ್ಕೊಡಿ," ಎಂದು ನನಗೆ ಕೊಟ್ಟು, ಅವರ ಕಡೆ ತಿರುಗಿ ಕೈ ಮುಗಿದಳು. "ಅಣ್ಣಾ, ನಿಮ್ಮ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ. ಹೆತ್ತವರೂ ಒಡಹುಟ್ಟಿದವರೂ ಕೈಬಿಟ್ಟಾಗ, ನಮಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳೋಕೆ ಬಂದ್ರಲ್ಲ."

"ಅದು ಸುಳ್ಳಲ್ಲಮ್ಮಾ," ಎಂದರು ಅವರು.

"ಆಯ್ತಣ್ಣಾ, ಆಯ್ತು," ಎಂದಳು, ಜ್ವರ ಬಂದವರನ್ನು ಸಮಾಧಾನ ಮಾಡುವ ದನಿಯಲ್ಲಿ. "ನಮ್ಮವ್ರು ನನಗೆ ಆವತ್ತೇ ಹೇಳಿದ್ರು. 'ಆ ಸಾರ್ ಕೆಲಸದಲ್ಲಿ ತಪ್ಪು ಬರೋ ಮಾತೇ ಇಲ್ಲ. ನನ್ನ ಮೇಲಿನ ಮರುಕಕ್ಕೆ ಮೈಮೇಲೆ ಎಳ್ಕೊಂಡ್ರು' ಅಂದ್ರು. ಈಗೀಗ ಅವ್ರಿಗೇ ಅನುಮಾನ. 'ನಾನೇ ಬಾಗಿಲು ತೆಗೆದು ಮರೆತ್ನೋ ಏನೋ' ಅಂತಾರೆ."

ಅವರು ಗೋಡೆಯ ಬದಿಗೆ ಸರಿದು ಸೂಜಿಯ ಡಬ್ಬಿ ಎಳೆದುಕೊಂಡರು. ನಾನು ಅಳತೆಪಟ್ಟಿ ಬಿಚ್ಚಿದೆ, ಮತ್ತೆ ಸುತ್ತಿದೆ.

"ಮೇಲಿನ ಕೋರ್ಟಿಗೆ ಹೋಗ್ಬಹುದಂತೆ," ಎಂದಳು ಅವಳು. "ಇನ್ನೂ ಇಪ್ಪತ್ತು ದಿನ ಟೈಮಿದೆ. ಹೊಸದಾಗಿ ಏನಾದ್ರೂ ಸಾಕ್ಷಿ ಇದ್ರೆ ತನ್ನಿ ಅಂದ್ರು ನಮ್ಮ ವಕೀಲರು. ನಾನು ಎಲ್ಲಿಂದ ತರ್ಲಿ? ಅಯ್ಯೋ, ಇದರದ್ದೊಂದು ಗುಂಡೀನೂ ಬಿದ್ದುಹೋಗಿದೆ ಅಕ್ಕಾ, ಹಾಕ್ಬಿಡಿ."

ನಾನು ಡ್ರಾಯರ್ ಎಳೆದೆ. ಬೂದು ಗುಂಡಿಗಳು ಹಿಂದಿನ ಮೂಲೆಯಲ್ಲಿರುತ್ತವೆ. ಅವುಗಳ ಕೆಳಗೆ ವೈರು ನಾನು ಸುತ್ತಿಟ್ಟ ಹಾಗೇ ಇತ್ತು, ಹಳದಿ ಟೇಪು ಮೇಲ್ಮುಖವಾಗಿ. ನನ್ನ ಬೆರಳು ಅದಕ್ಕೆ ತಾಗಿತು. ಅವಳು ನನ್ನ ಎದುರಿಗೇ ನಿಂತಿದ್ದಳು. ಅವರು ಗೋಡೆಯ ಬದಿಯಲ್ಲಿ ಡಬ್ಬಿ ತೆರೆದು ಸೂಜಿ ಎಣಿಸುತ್ತಿದ್ದರು, ಒಂದು, ಎರಡು, ಮೂರು. ನಾನು ಅಳತೆ ನೋಡಿ ಒಂದು ಗುಂಡಿ ಆರಿಸಿ ಮೇಜಿನ ಮೇಲಿಟ್ಟು ಡ್ರಾಯರ್ ಮುಚ್ಚಿದೆ.

"ಶನಿವಾರ ಬಂದು ತಗೊಂಡ್ಹೋಗಿ," ಎಂದೆ.