ಕೊನೆ ಹತ್ತು ಸಾಲಿನ ಗಂಡ

ನಮ್ಮನೆಯವರಿಗೆ ಯಾವುದರ ಶುರುವೂ ಬೇಡ, ಕೊನೆ ಸಾಕು. ಪತ್ತೇದಾರಿ ಕಾದಂಬರಿ ಕೈಗೆ ಸಿಕ್ಕರೆ ಕೊನೆ ಹಾಳೆ ತಿರುವಿ, "ಕೊಂದಿದ್ದು ಅಡುಗೆಯವನು ಕಣೇ" ಅಂತ ನನ್ನ ಹೊಟ್ಟೆ ಉರಿಸ್ತಾರೆ. ಎಲ್ಲ ಆ ಹಾಳಾದ ಕೆಲಸದಿಂದ ಅಂಟಿದ ಚಟ.

ಇಬ್ಬರೂ ಒಂದೇ ಬ್ರೆಡ್ ಕಾರ್ಖಾನೆಯಲ್ಲಿದ್ದೀವಿ. ನಾನು ಪ್ಯಾಕಿಂಗ್, ಅವರು ಗಾಜಿನ ಕೋಣೆಯ ಕಂಪ್ಯೂಟರ್ ಮುಂದೆ. ಓವನ್ನಿನ ಬಿಸಿ ಏರುಪೇರಾದಾಗಲೆಲ್ಲ ಒಂದು ಫೈಲಿಗೆ ಒಂದು ಸಾಲು ಬಂದು ಸೇರುತ್ತೆ. ಇವರು 'ಟೇಲ್' ಅಂತ ಟೈಪ್ ಮಾಡಿದರೆ ಆ ಫೈಲಿನ ಕೊನೆಯ ಹತ್ತು ಸಾಲು ಪರದೆಗೆ ಬರುತ್ತೆ. ಪಕ್ಕದಲ್ಲಿ ಒಂದು ಎಫ್ ಸೇರಿಸಿದರೆ ಹೊಸ ಸಾಲೂ ತಾನಾಗೇ ಕಾಣ್ತಾ ಹೋಗುತ್ತೆ. ಇವರನ್ನ ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಅಂತ ಮಾಲೀಕರು ಮೊನ್ನೆ ಒಂದು ದಿನ ತೀರ್ಮಾನ ಮಾಡೋರಿದ್ದರು.

ಆವತ್ತೇ ಮಧ್ಯಾಹ್ನ ಸುಟ್ಟ ವಾಸನೆ ಬಂತು. ಹಿಂದೆಯೇ ಹೊಗೆ. ಓಡಿ ಹೋಗಿ ನೋಡಿದರೆ ನಮ್ಮ ಮಹಾರಾಯರು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದ್ದಾರೆ!

"ರೀ, ಬ್ರೆಡ್ ಸೀದು ಹೋಗ್ತಿದೆ!"

"ಸುಮ್ನಿರೇ. ಒಂದು ಹೊಸ ಸಾಲೂ ಬಂದಿಲ್ಲ. ಓವನ್ ಇವತ್ತು ಮಗು ಮಲಗಿದ ಹಾಗಿದೆ."

ಕರಕಲಾದ ಬ್ರೆಡ್ಡೊಂದನ್ನ ತಂದು ಮೂಗಿನ ಮುಂದೆ ಹಿಡಿದೆ. ಅದನ್ನ ನೋಡಿದರು, ಪರದೆ ನೋಡಿದರು. "ಇದು ನಮ್ಮ ಓವನ್ನಿಂದಲ್ಲ" ಅಂದುಬಿಟ್ಟರು, ಕೆಮ್ಮುತ್ತಾ!

ಆಗಿದ್ದಿಷ್ಟು. ಫೈಲ್ ತುಂಬಾ ದೊಡ್ಡದಾಯ್ತು ಅಂತ ಬೆಳಿಗ್ಗೆಯೇ ಕಂಪ್ಯೂಟರ್ ಅದಕ್ಕೆ ಬೇರೆ ಹೆಸರಿಟ್ಟು ಮೂಲೆಗೆ ಸರಿಸಿ, ಹಳೇ ಹೆಸರಲ್ಲಿ ಹೊಸ ಫೈಲ್ ಶುರುಮಾಡಿತ್ತು. ಓವನ್ನಿನ ಸಾಲೆಲ್ಲ ಆ ಹೊಸದಕ್ಕೇ ಹೋಗ್ತಿತ್ತು. ಇಂಗ್ಲಿಷಿನ ದೊಡ್ಡಕ್ಷರದ ಎಫ್ ಹಾಕಿದ್ದರೆ ಪರದೆ ಹೊಸದಕ್ಕೆ ಹೋಗ್ತಿತ್ತು. ಇವರು ಹಾಕಿದ್ದು ಸಣ್ಣಕ್ಷರದ ಎಫ್. ಮೂಲೆಗೆ ಬಿದ್ದ ಫೈಲನ್ನೇ ಬಕಪಕ್ಷಿ ಹಾಗೆ ಕಾಯ್ತಾ ಕೂತಿದ್ದರು.

ಮಾಲೀಕರು ಬಂದರು. ಕುರುಡ ಅಂದರು, ದಂಡಪಿಂಡ ಅಂದರು, ಮೂಗಿದ್ದೂ ಇಲ್ಲದವನು ಅಂದರು. ಮುಗೀತು ನಮ್ಮ ಕಥೆ ಅಂತ ನಾನು ಬಾಗಿಲ ಹಿಂದೆ ನಿಂತೆ. ಬೈದು ಬೈದು ಸುಸ್ತಾದ ಮೇಲೆ, "ನಾಳೆಯಿಂದ ಓವನ್ ಪಕ್ಕದಲ್ಲೇ ಕೂತು ಮೂಗಿಂದ ನೋಡ್ಕೋ, ತೊಲಗು!" ಅಂದರು.

ಇವರು ಹಲ್ಲು ಕಿರೀತಾ ಹೊರಗೆ ಬಂದರು. "ಕೆಲಸ ಉಳೀತು ಕಣೇ!"

"ಅಷ್ಟು ಹೊತ್ತು ಬೈದಿದ್ದು ಕೇಳಿಸಲಿಲ್ವಾ?"

"ಕೊನೇಲಿ 'ನಾಳೆಯಿಂದ' ಅಂದರಲ್ಲ!"

ಮನೆಗೆ ಬಂದವಳೇ ಶುರುಮಾಡಿದೆ. ಮದುವೆಯಾದ ದಿನದಿಂದ ಹಿಡಿದು ಜನ್ಮ ಜಾಲಾಡಿದೆ. ಬಟ್ಟೆ ಮಡಚುತ್ತಾ ಬೈದೆ, ತಟ್ಟೆ ಇಡುತ್ತಾ ಬೈದೆ. ಗಂಟಲು ಕಟ್ಟಿಕೊಂಡಾಗ, "ಬೆಳಗಿಂದ ಏನೂ ತಿಂದಿಲ್ಲ, ಕೈ ತೊಳ್ಕೊಂಡು ಬನ್ನಿ, ಊಟ ಆರಿ ಹೋಗುತ್ತೆ" ಅಂದೆ.

ಬಂದು ಕೂತರು. ಒಂದು ತುತ್ತು ನುಂಗಿ, "ಎಲ್ಲರ ಹೆಂಡ್ತೀರೂ ಬೈತಾರಂತೆ. ನನ್ನ ಪುಣ್ಯ, ನೀನು ಒಂದು ದಿನಾನೂ ಬೈದಿಲ್ಲ" ಅಂದರು.

ಸೌಟು ಎತ್ತಿದೆ. ತಲೆ ಮೇಲೆ ಕುಕ್ಕೋಕೇ ಎತ್ತಿದ್ದು. ಆ ಮುಖ ನೋಡಿ, ತಟ್ಟೆಗೆ ಇನ್ನಷ್ಟು ಬಡಿಸಿದೆ.