ಹನ್ನೆರಡನೇ ಬಟ್ಟಲು

ಆಕೆಗೆ ಪದವಿಯಿಲ್ಲ. ಓದು ಹತ್ತನೇ ತರಗತಿಗೇ ನಿಂತಿದೆ. ಆದರೂ ಬೆಳಗಿನ ಆರಕ್ಕೆ ಕ್ರೀಮ್ ಕಂಪನಿಯ ಪ್ರಯೋಗಾಲಯದ ಬೀಗ ತೆಗೆಯುವವಳು ಆಕೆಯೇ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ, ರೋಗಿಗಳು ಒಪ್ಪಿ ಕೊಟ್ಟ ಹೊಟ್ಟೆಯ ಚರ್ಮ ಆಸ್ಪತ್ರೆಯಿಂದ ಐಸ್ ಡಬ್ಬಿಯಲ್ಲಿ ಬರುತ್ತದೆ. ಕೊಬ್ಬು ಕೆರೆದು, ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ನೆನೆದ ಬಾದಾಮಿಯ ಸಿಪ್ಪೆಯಂತೆ ಮೇಲ್ಪದರವನ್ನು ಸುಲಿದು ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಸೂಜಿಮೊನೆಯಷ್ಟು ತೂತು ಕಂಡರೂ ಆ ತುಂಡು ಪಕ್ಕಕ್ಕೆ. ಎಲ್ಲರೂ ಕರೆಯುವುದು 'ಸಿಪ್ಪೆ ಅಕ್ಕ'.

ಸುಲಿದ ಪದರವನ್ನು ಗಾಜಿನ ಬಟ್ಟಲಿನ ಎರಡು ಭಾಗಗಳ ನಡುವೆ ಬಿಗಿಯುತ್ತಾರೆ. ಮೇಲೆ ಕ್ರೀಮ್, ಕೆಳಗೆ ಉಪ್ಪುನೀರು. ಕ್ರೀಮಿನಲ್ಲಿರುವುದು ಸಕ್ಕರೆಯ ಕಣಗಳು ಸಾವಿರಗಟ್ಟಲೆ ಸರಪಳಿಯಾಗಿ ಕೂಡಿದ ದೊಡ್ಡ ಅಣು. ಅದು ಚರ್ಮ ದಾಟಿ ಉಪ್ಪುನೀರಿಗೆ ಇಳಿದಿದೆಯೇ ಎಂದು ಮರುದಿನ ಅಳೆಯುತ್ತಾರೆ.

"ಹದಿನಾಲ್ಕು ವರ್ಷದಲ್ಲಿ ಅಷ್ಟು ದೊಡ್ಡದು ಇಳಿದಿದ್ದು ನಾನು ನೋಡಿಲ್ಲ," ಎನ್ನುತ್ತಾಳೆ. "ಬಾಗಿಲಿಲ್ಲದ ಗೋಡೆ ದಾಟಿ ಆನೆ ಬಂತು ಅಂದ್ರೆ, ಗೋಡೆ ಒಡೆದಿದೆ ಅಂತಾನೇ."

ಹೋದ ವರ್ಷ ಹನ್ನೆರಡು ಬಟ್ಟಲು ಹೂಡಿದರು. ಚರ್ಮ ಒಂದು ತುಂಡು ಸಾಲದೆ, ಆಕೆ ತೂತೆಂದು ಪಕ್ಕಕ್ಕಿಟ್ಟಿದ್ದರಲ್ಲೇ ಒಂದನ್ನು ಹೊಸ ಸಂಶೋಧಕ ಎತ್ತಿ ಹನ್ನೆರಡನೆಯದಕ್ಕೆ ಬಿಗಿದ. ಹನ್ನೊಂದರಲ್ಲಿ ಏನೂ ಇಳಿಯಲಿಲ್ಲ. ಹನ್ನೆರಡನೆಯದರಲ್ಲಿ ಧಾರಾಳವಾಗಿ ಇಳಿದಿತ್ತು. ಪ್ರಯೋಗಾಲಯದ ಮುಖ್ಯಸ್ಥರು ಸಂಶೋಧಕನ ಬೆನ್ನು ತಟ್ಟಿದರು.

"ಸಾರ್, ಅದು ತೂತಿನ ತುಂಡು," ಎಂದಳು ಆಕೆ ಮುಖ್ಯಸ್ಥರಿಗೆ.

"ಅಕ್ಕಾ, ನೀವು ಪಿಎಚ್‌ಡಿ ಮಾಡಿದ್ದು ಯಾವಾಗ?"

ಕೋಣೆಯೆಲ್ಲ ನಕ್ಕಿತು. ಸಂಶೋಧಕ ಮಾತ್ರ ತಲೆ ತಗ್ಗಿಸಿದ. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಆ ತುಂಡಿಗೆ 'ತೂತು' ಎಂದು ಆಕೆ ಬರೆದಿದ್ದ ಹಾಳೆ ಮರುದಿನ ಇರಲಿಲ್ಲ. ಯಾವ ತುಂಡು ಬೇಡ ಎಂದು ಹೇಳುವ ಅಧಿಕಾರವೂ ಹೋಯಿತು. ಈಗ ಸುಲಿಯುವುದಷ್ಟೇ ಆಕೆಯ ಪಾಲು. ಆರಿಸುವವರು ಬೇರೆ.

ಮೊನ್ನೆ ಮಗಳು ಅದೇ ಕ್ರೀಮ್ ಕೊಂಡು ತಂದಳು. "ಅಮ್ಮಾ, ಚರ್ಮದ ಆಳಕ್ಕೆ ಇಳಿಯುತ್ತಂತೆ!"

"ಇಳಿಯಲ್ಲ ಕಣೇ. ಮೇಲೇ ಕೂತಿರುತ್ತೆ. ಮುಖ ತೊಳೆದ್ರೆ ಚರಂಡಿಗೆ."

"ಎಲ್ಲಾದಕ್ಕೂ ನಿಂದೊಂದು ಕೊಂಕು. ಡಬ್ಬಿ ಮೇಲೇ ಬರೆದಿದೆ ನೋಡು, ಪರೀಕ್ಷೆಯಲ್ಲಿ ಸಾಬೀತು ಅಂತ."

ಆಕೆ ಡಬ್ಬಿ ತಿರುಗಿಸಿ ಓದಿದಳು. ಬರೆದಿರುವುದು ನಿಜ. ಯಾರಾದರೂ ಆ ಕೆಲಸ ಬಿಡಬಾರದೇ ಎಂದರೆ ನಗುತ್ತಾಳೆ. "ಬಿಟ್ರೆ ಅವರಿಗೆ ಸುಲಿಯೋಕೆ ಬರಲ್ಲ. ಹರಿದು ಹಾಕ್ತಾರೆ. ಕೊಟ್ಟವರ ಚರ್ಮ ಅಲ್ವಾ ಅದು?"

ಡಬ್ಬಿ ಹೇಳುವ ಆ ಪರೀಕ್ಷೆಯ ವರದಿಯಲ್ಲಿ ಹನ್ನೆರಡನೇ ಬಟ್ಟಲೊಂದೇ ಇದೆ. ಉಳಿದ ಹನ್ನೊಂದು ಇಲ್ಲ.